ಮಸುಕಾದ ಚಿತ್ರವನ್ನು ಅಳಿಸಬೇಡಿ

ಪ್ರಶ್ನೆ: ನಾನು ಚಿಕ್ಕಮಗಳೂರು ತಾಲ್ಲೂಕಿನ ಆಲ್ದೂರು ಕಡೆಯವಳು, ಪ್ರಾಥಮಿಕ ಶಾಲೆಯ ಶಿಕ್ಷಕಿ. ಮನೆಗೆ ಸೇರಿದಂತೆ ಮೂರು ಎಕರೆ ಅರೇಬಿಕಾ ಕಾಫಿ ತೋಟವಿದೆ. ಎರಡು ವರ್ಷಗಳಿಂದ ಮೊಬೈಲ್‌ಗೆ ಸಿಕ್ಕಿಸುವ ಮ್ಯಾಕ್ರೋ ಲೆನ್ಸ್ ಇಟ್ಟುಕೊಂಡು ಹುಳುಹುಪ್ಪಟೆಗಳ ಚಿತ್ರ ತೆಗೆಯುತ್ತಿದ್ದೇನೆ. ಕೀಟಗಳ ಚಿತ್ರ ಹಂಚಿಕೊಳ್ಳುವ ಒಂದು ಗುಂಪಿಗೆ ಮೂರು ಚಿತ್ರ ಹಾಕಿದೆ. ಏರೋಪ್ಲೇನ್ ಚಿಟ್ಟೆಯ ಮುಖದ ಚಿತ್ರವನ್ನು ಎಲ್ಲರೂ ಹೊಗಳಿದರು. ಚಗಳಿ ಇರುವೆ ಇನ್ನೊಂದು ಚಗಳಿಯನ್ನು ಹೊತ್ತುಕೊಂಡು ಹೋಗುವ ಚಿತ್ರಕ್ಕೆ ಯಾರೂ ಏನೂ ಹೇಳಲಿಲ್ಲ. ಕಾಫಿ ಗಿಡದ ಮೇಲಿನ ಹುಳುವಿನ ಚಿತ್ರಕ್ಕೆ ಒಬ್ಬರು "ಇದೂ ಒಂದು ಫೋಟೋವೇ?" ಎಂದು ಬರೆದರು. ಅಂದಿನಿಂದ ಹಂಚಿಕೊಳ್ಳುವ ಧೈರ್ಯವಾಗಿಲ್ಲ. ನನ್ನಂಥವರ ಚಿತ್ರಗಳಿಂದ ಯಾರಿಗಾದರೂ ಉಪಯೋಗವಿದೆಯೇ? ಇದ್ದರೆ ಎಲ್ಲಿ ಹಾಕಬೇಕು, ಜೊತೆಗೆ ಏನು ಬರೆಯಬೇಕು? ತೋಟದ ಜಾಗ ತಿಳಿಸಬಹುದೇ? ಬೇರೆಯವರು ಚಿತ್ರ ಕದ್ದರೆ? ಕನ್ನಡದಲ್ಲೇ ಬರೆದರೆ ನಡೆಯುತ್ತದೆಯೇ? ಮೂರೂ ಚಿತ್ರಗಳನ್ನು ಲಗತ್ತಿಸಿದ್ದೇನೆ ಸರ್.

ಉತ್ತರ: ನಿಮ್ಮ ಮೂರೂ ಚಿತ್ರಗಳನ್ನು ಕಂಪ್ಯೂಟರಿನಲ್ಲಿ ದೊಡ್ಡದಾಗಿ ತೆರೆದು ಒಂದೊಂದನ್ನೂ ಬಹಳ ಹೊತ್ತು ನೋಡಿದೆ. ಗುಂಪಿನಲ್ಲಿ ಮಾತು ಕೇಳಿಸಿಕೊಂಡ ಚಿತ್ರದಿಂದಲೇ ಶುರು ಮಾಡುತ್ತೇನೆ. ಮೂರರಲ್ಲಿ ನನ್ನನ್ನು ಕುರ್ಚಿಯಿಂದ ಎಬ್ಬಿಸಿದ್ದು ಅದೇ.

ಕಾಫಿ ಗಿಡದ ದಪ್ಪ ಕಾಂಡ, ಒಂದು ಪಕ್ಕಕ್ಕೆ ನೇರ ಬಿಸಿಲು. ಬಲಗಡೆ ಮೂಲೆಯಲ್ಲಿ ತೆಳ್ಳನೆಯ ಕಪ್ಪು ಜೀರುಂಡೆ. ಅದು ಓಡುತ್ತಿತ್ತೆಂದು ಕಾಣುತ್ತದೆ, ತಲೆ ಮತ್ತು ಮೀಸೆ ಪೂರ್ತಿ ಕದಡಿಹೋಗಿವೆ. ಆದರೆ ರೆಕ್ಕೆಯ ಕವಚದ ಮೇಲೆ ಓರೆಯಾಗಿ ಇಳಿದ ಬೂದುಬಿಳಿ ಗೆರೆಗಳು ಉಳಿದಿವೆ. ಚಿತ್ರದ ದಿನಾಂಕ ಏಪ್ರಿಲ್ 19, ಹೊತ್ತು ಬೆಳಗಿನ 11 ಗಂಟೆ ದಾಟಿದೆ. ಇದು ಬಹುಮಟ್ಟಿಗೆ ಬಿಳಿ ಕಾಂಡಕೊರಕ, ಕ್ಸೈಲೋಟ್ರೆಕಸ್ ಕ್ವಾಡ್ರಿಪಸ್. ನಿಮ್ಮ ಕಡೆ ತೋಟದವರು ಸುಮ್ಮನೆ ಬೋರರ್ ಎನ್ನುವ ಹುಳು. ಇಂಥದೇ ಪಟ್ಟೆಯ ಬೇರೆ ಜೀರುಂಡೆಗಳೂ ಮಲೆನಾಡಿನಲ್ಲಿ ಇರುವುದರಿಂದ ತಲೆ ಕಾಣದ ಈ ಚಿತ್ರ ನೋಡಿ ನೂರಕ್ಕೆ ನೂರು ಎಂದು ಹೇಳುವುದಿಲ್ಲ. ಆದರೆ ಕಾಂಡಕೊರಕದ ಜೀರುಂಡೆ ಹೊರಬಂದು ಹಾರುವುದು ಏಪ್ರಿಲ್–ಮೇ ತಿಂಗಳಲ್ಲಿ, ಮತ್ತೆ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ. ಅದು ಚುರುಕಾಗುವುದು ಬಿಸಿಲೇರಿದ ಮೇಲೆ. ಮೊಟ್ಟೆ ಇಡುವುದು ಅರೇಬಿಕಾ ಕಾಂಡದ ತೊಗಟೆಯ ಬಿರುಕಿನಲ್ಲಿ, ಅದರಲ್ಲೂ ನೆರಳು ತೆಳುವಾಗಿ ಬಿಸಿಲು ಬೀಳುವ ಗಿಡಗಳಲ್ಲಿ. ಮಸುಕಾದ ಆ ಚಿತ್ರದಲ್ಲಿ ಗಿಡ, ಬಿಸಿಲು, ದಿನಾಂಕ, ಹೊತ್ತು ನಾಲ್ಕೂ ಇವೆ. ಹುಳುವಿನ ತಲೆ ಹೇಳದೆ ಬಿಟ್ಟದ್ದನ್ನು ಈ ನಾಲ್ಕು ಹೇಳಿಬಿಟ್ಟಿವೆ.

ಹಾಗಾಗಿ ಮೊದಲು ಒಂದು ತುರ್ತಿನ ಮಾತು. ಆ ಚಿತ್ರವನ್ನು ಮನೆಯಲ್ಲಿ ತೋಟ ನೋಡಿಕೊಳ್ಳುವವರಿಗೆ ತೋರಿಸಿ. ಈ ಹುಳುವಿನ ಮರಿ ಮೊದಲು ತೊಗಟೆಯಡಿಯಲ್ಲಿ, ಆಮೇಲೆ ಕಾಂಡದೊಳಗೆ ಸುರಂಗ ಕೊರೆಯುತ್ತದೆ. ಕೊರೆದ ದಾರಿಯನ್ನು ತನ್ನ ಹಿಕ್ಕೆಯಿಂದಲೇ ಒತ್ತಿ ತುಂಬಿಕೊಂಡು ಹೋಗುವುದರಿಂದ ಹೊರಗೆ ಪುಡಿ ಉದುರುವುದಿಲ್ಲ. ಕಾಂಡದ ಮೇಲೆ ಉಬ್ಬುಗೆರೆ ಎದ್ದು, ಎಲೆ ಹಳದಿಯಾಗಿ ಬಾಡುವ ಹೊತ್ತಿಗೆ ಗಿಡ ಕೈತಪ್ಪಿರುತ್ತದೆ. ಆ ಗಿಡಕ್ಕೂ ಸುತ್ತಲಿನ ಗಿಡಗಳಿಗೂ ಗುರುತು ಕಟ್ಟಿ, ಕಾಫಿ ಮಂಡಳಿಯ ವಿಸ್ತರಣಾ ಕಚೇರಿಯವರಿಗೆ ಚಿತ್ರ ತೋರಿಸಿ ಕೇಳಿ. 1925ರಲ್ಲಿ ಆರಂಭವಾದ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆ ನಿಮ್ಮ ಜಿಲ್ಲೆಯ ಬಾಳೆಹೊನ್ನೂರಿನಲ್ಲೇ ಇದೆ, ಈ ಹುಳುವಿನ ಮೇಲೆ ಅಲ್ಲಿ ದಶಕಗಳ ಕೆಲಸ ನಡೆದಿದೆ. "ಇದೂ ಒಂದು ಫೋಟೋವೇ?" ಎಂದು ಕೇಳಿದವರು ಚಿತ್ರದ ಅಂದವನ್ನು ಮಾತ್ರ ನೋಡಿದರು. ತೋಟದ ಮಟ್ಟಿಗೆ ಈ ವರ್ಷ ನೀವು ತೆಗೆದ ಅತ್ಯಂತ ಬೆಲೆಯುಳ್ಳ ಚಿತ್ರ ಅದು.

ಇನ್ನು ಎಲ್ಲರೂ ಹೊಗಳಿದ ಏರೋಪ್ಲೇನ್ ಚಿಟ್ಟೆಯ ಮುಖ. ನಿಜವಾಗಿ ಸೊಗಸಾಗಿದೆ. ಕಣ್ಣಿನ ಮೇಲ್ಭಾಗದ ಕೆಂಗಂದು ಬಣ್ಣ ಕೆಳಗಿಳಿಯುತ್ತ ಹಸಿರುಬೂದಿಗೆ ತಿರುಗುವ ಜಾಗದಲ್ಲಿ ಸಣ್ಣ ಸಣ್ಣ ಕಣ್ಣಿನ ಬಿಲ್ಲೆಗಳು ಒಂದೊಂದಾಗಿ ಎಣಿಸುವಷ್ಟು ಸ್ಪಷ್ಟವಾಗಿವೆ. ಮೊಬೈಲ್‌ನಲ್ಲಿ ಇದನ್ನು ಸಾಧಿಸಲು ಎಷ್ಟು ಹೊತ್ತು ಉಸಿರು ಬಿಗಿಹಿಡಿದು ಕುಳಿತಿದ್ದೀರೆಂದು ನನಗೆ ಗೊತ್ತು. ಆದರೆ ಇದರ ಹೆಸರು ಹೇಳಲು ನನ್ನಿಂದ ಆಗುವುದಿಲ್ಲ. ಏರೋಪ್ಲೇನ್ ಚಿಟ್ಟೆಗಳನ್ನು ಗುರುತಿಸಲು ಎದೆಯ ಪಕ್ಕದ ಪಟ್ಟೆಗಳು ಬೇಕು, ರೆಕ್ಕೆಯ ಬುಡದ ಮತ್ತು ತುದಿಯ ಕಲೆಗಳು ಬೇಕು, ಹೊಟ್ಟೆಯ ಗುರುತುಗಳು ಬೇಕು, ಕೆಲವು ಜಾತಿಗಳಲ್ಲಿ ಗಂಡಿನ ಬಾಲದ ತುದಿಯ ಇಕ್ಕಳವೂ ಬೇಕು. ನಿಮ್ಮ ಚಿತ್ರದಲ್ಲಿ ಮುಖ ಬಿಟ್ಟು ಉಳಿದದ್ದೆಲ್ಲ ಹಿನ್ನೆಲೆಯ ಹಸಿರಿನಲ್ಲಿ ಕರಗಿದೆ. ಅದೇ ಹುಳುವನ್ನು ಒಂದು ಮಾರು ದೂರದಿಂದ, ಮೇಲಿನಿಂದ ಒಂದು, ಪಕ್ಕದಿಂದ ಒಂದು ತೆಗೆದಿಟ್ಟಿದ್ದರೆ ಈ ಚಂದದ ಮುಖಕ್ಕೆ ಹೆಸರೂ ಸಿಗುತ್ತಿತ್ತು. ಫೋನಿನಲ್ಲಿ ಹುಡುಕಿ ನೋಡಿ. ಹತ್ತಿರ ಹೋಗುವ ಮುಂಚೆ ತೆಗೆದ "ಚೆನ್ನಾಗಿಲ್ಲದ" ಒಂದೆರಡು ಚಿತ್ರಗಳು ಇನ್ನೂ ಅಳಿಸದೆ ಉಳಿದಿರಬಹುದು. ಅವನ್ನೂ ಮುಖದ ಜೊತೆಗೇ ಸೇರಿಸಿ ಹಾಕಿ.

ಮೂರನೆಯದು ಚಗಳಿ. ಮಲೆನಾಡಿನಲ್ಲಿ ಚಗಳಿ ಗೊತ್ತಿಲ್ಲದವರಿಲ್ಲ. ಎಲೆ ಹೊಲಿದು ಗೂಡು ಕಟ್ಟುತ್ತದೆ, ಕಾಫಿ ಕೊಯ್ಲಿನಲ್ಲಿ ಕೈಗೆ ಕುತ್ತಿಗೆಗೆ ಮುತ್ತಿಕೊಳ್ಳುತ್ತದೆ, ಚಟ್ನಿಯೂ ಆಗುತ್ತದೆ. ಅದಕ್ಕೇ ಗುಂಪಿನಲ್ಲಿ ಯಾರೂ ಎರಡನೆಯ ಸಲ ನೋಡಲಿಲ್ಲ. ನೀವು ಈಗ ಎರಡನೆಯ ಸಲ ನೋಡಿ. ಕಾಲು ಎಣಿಸಿ. ಮೀಸೆಯೆಂದು ನೀವು ತಿಳಿದ ಜೋಡಿ, ಮೇಲೆತ್ತಿ ಹಿಡಿದ ಮುಂಗಾಲುಗಳು. ಅವನ್ನೂ ಸೇರಿಸಿದರೆ ಎಂಟು. ತಲೆಯ ಎರಡು ಪಕ್ಕದಲ್ಲಿರುವ ಕಪ್ಪು ಚುಕ್ಕೆಗಳು ಕಣ್ಣಲ್ಲ, ಕಣ್ಣಿನಂತೆ ಕಾಣುವ ಗುರುತುಗಳು. ನಿಜವಾದ ಕಣ್ಣು ಮುಂದೆ ಇದೆ, ಎರಡು ದೊಡ್ಡ ಮಣಿಗಳಂತೆ ಹೊಳೆಯುತ್ತಿದೆ. ಬಾಯಲ್ಲಿ ಹಿಡಿದ "ಇನ್ನೊಂದು ಚಗಳಿ" ಅದರದೇ ಮುಂಚಾಚಿದ ಉದ್ದ ದವಡೆ. ಇದು ಚಗಳಿಯನ್ನು ಅನುಕರಿಸುವ ನೆಗೆಜೇಡದ ಗಂಡು, ಮಿರ್ಮಪ್ಲಾಟಾ ಪ್ಲಾಟಲಿಯೋಯ್ಡಿಸ್. ಗಂಡಿನ ದವಡೆ ಮಾತ್ರ ಹೀಗೆ ಬೆಳೆದು, ಒಂದು ಇರುವೆ ಇನ್ನೊಂದನ್ನು ಹೊತ್ತು ಸಾಗುತ್ತಿರುವಂತೆ ತೋರುತ್ತದೆ. ಚಗಳಿಯ ಗೂಡಿನ ಸುತ್ತಮುತ್ತಲೇ ಇದರ ವಾಸ. ಚಗಳಿಯ ಕಡಿತಕ್ಕೆ ಹೆದರಿ ಅದರ ತಂಟೆಗೆ ಹೋಗದ ಬೇಟೆಗಾರರಿಂದ ಇದಕ್ಕೂ ರಕ್ಷಣೆ ಸಿಗುತ್ತದೆ. ಮುಂದಿನ ಸಲ ಕಂಡಾಗ ಎಲೆಯನ್ನು ತುಸು ಅಲುಗಿಸಿ. ಚಗಳಿಯಾದರೆ ದವಡೆ ತೆರೆದು ನಿಮ್ಮತ್ತ ತಿರುಗುತ್ತದೆ, ಇದಾದರೆ ಎಲೆಯ ಹಿಂದಕ್ಕೆ ಸರಿಯುತ್ತದೆ ಅಥವಾ ನೂಲು ಬಿಟ್ಟು ಕೆಳಗಿಳಿಯುತ್ತದೆ.

ಉಪಯೋಗವಿದೆಯೇ ಎಂಬ ನಿಮ್ಮ ಪ್ರಶ್ನೆಗೆ ಈ ಮೂರು ಚಿತ್ರಗಳೇ ಉತ್ತರ ಹೇಳಿವೆ ಎಂದು ಭಾವಿಸುತ್ತೇನೆ. ಕೀಟದ ಚಿತ್ರದ ಬೆಲೆ ಅರ್ಧ ಚೌಕಟ್ಟಿನೊಳಗಿದ್ದರೆ ಇನ್ನರ್ಧ ಅದರ ಜೊತೆ ನೀವು ಬರೆಯುವ ಎರಡು ಸಾಲಿನಲ್ಲಿದೆ. ಯಾವ ದಿನ, ಯಾವ ಊರು, ಯಾವ ಗಿಡದ ಮೇಲೆ, ಏನು ಮಾಡುತ್ತಿತ್ತು.

ಇದಕ್ಕೆ ನನಗೆ ಬಹಳ ಇಷ್ಟವಾದ ಒಂದು ಉದಾಹರಣೆಯಿದೆ. ಮಾಲ್ಡೀವ್ಸ್ ದ್ವೀಪಗಳಲ್ಲಿ ನೆಲದ ಮೇಲೆ ನಿಲ್ಲುವ ಸಿಹಿನೀರು ಇಲ್ಲವೆನ್ನುವಷ್ಟು ಕಡಿಮೆ. ಏರೋಪ್ಲೇನ್ ಚಿಟ್ಟೆಯ ಮರಿ ಬೆಳೆಯಲು ಸಿಹಿನೀರು ಬೇಕೇ ಬೇಕು. ಆದರೂ ಪ್ರತಿ ವರ್ಷ ಅಕ್ಟೋಬರ್ ಹೊತ್ತಿಗೆ ಅಲ್ಲಿ ಅವು ಹಿಂಡುಹಿಂಡಾಗಿ ಕಾಣಿಸಿಕೊಳ್ಳುತ್ತವೆ. ಅಲ್ಲಿ ನೆಲೆಸಿದ್ದ ಚಾರ್ಲ್ಸ್ ಆಂಡರ್ಸನ್ ಎಂಬ ಸಮುದ್ರಜೀವಿ ವಿಜ್ಞಾನಿ, ಅವು ಬಂದ ದಿನಗಳನ್ನು ವರ್ಷವರ್ಷವೂ ಗುರುತು ಹಾಕಿಕೊಳ್ಳುತ್ತ ಹೋದರು. ದಕ್ಷಿಣ ಭಾರತದಲ್ಲಿ ಮೊದಲು, ಆಮೇಲೆ ಮಾಲ್ಡೀವ್ಸ್ ರಾಜಧಾನಿ ಮಾಲೆಯಲ್ಲಿ, ಇನ್ನೂ ತಡವಾಗಿ ತೆಂಕಣ ದ್ವೀಪಗಳಲ್ಲಿ, ಕೊನೆಗೆ ಆಫ್ರಿಕಾದ ಪೂರ್ವ ಭಾಗದಲ್ಲಿ ಅವು ಕಾಣಿಸಿಕೊಳ್ಳುವ ಕ್ರಮವನ್ನು ಜೋಡಿಸಿ, ಪಂಟಾಲಾ ಫ್ಲಾವೆಸೆನ್ಸ್ ಎಂಬ ಈ ಪುಟ್ಟ ಹುಳು ಹಿಂದೂ ಮಹಾಸಾಗರವನ್ನೇ ದಾಟುತ್ತಿದೆ ಎಂದು 2009ರಲ್ಲಿ ಪ್ರಕಟಿಸಿದರು. ಅವರ ವಾದ ನಿಂತದ್ದು ದಿನಾಂಕಗಳ ಮೇಲೆ. ಮಳೆಗಾಲ ಮುಗಿಯುವ ಹೊತ್ತಿಗೆ ನಿಮ್ಮ ಶಾಲೆಯ ಮೈದಾನದ ಮೇಲೆ, ಕಾಫಿ ಕಣದ ಮೇಲೆ ಕೂರದೆ ಸುತ್ತುತ್ತಲೇ ಇರುವ ಹಳದಿ ಬಣ್ಣದ ಏರೋಪ್ಲೇನ್ ಚಿಟ್ಟೆಗಳ ಗುಂಪು ಕಂಡರೆ ಅದೇ ಆಗಿರಬಹುದು. ಚಿತ್ರ ಹೇಗೇ ಬರಲಿ, ದಿನಾಂಕದೊಡನೆ ಹಾಕಿ.

ದಿನಾಂಕದ ಬಗ್ಗೆ ನಾನು ಇಷ್ಟು ಒತ್ತಿ ಹೇಳುವುದಕ್ಕೆ ನನ್ನದೇ ಒಂದು ನಷ್ಟ ಕಾರಣ. ಹಿಂದೆ ಸಕಲೇಶಪುರದ ಆಚೆ, ಬಿಸಿಲೆ ಘಾಟಿಯಲ್ಲಿ ಎರಡು ಮಳೆಗಾಲ ಓಡಾಡಿ ನೂರಾರು ಚಿತ್ರ ತೆಗೆದೆ. ಕ್ಯಾಮೆರಾದ ಒಳಗಿನ ಗಡಿಯಾರ ಕೆಟ್ಟು, ಬ್ಯಾಟರಿ ತೆಗೆದಾಗಲೆಲ್ಲ ಮೊದಲ ದಿನಕ್ಕೆ ಹಿಂದಿರುಗುತ್ತಿತ್ತು. ನಾನು ಗಮನಿಸಲೇ ಇಲ್ಲ. ಆ ಚಿತ್ರಗಳಲ್ಲಿ ಅಪರೂಪದ ಜೀರುಂಡೆಗಳಿವೆ. ಯಾವ ತಿಂಗಳು, ಯಾವ ವರ್ಷ ಎಂದು ಇಂದು ಯಾರೂ ಹೇಳಲಾರರು. ದಾಖಲೆಯ ದೃಷ್ಟಿಯಿಂದ ಅವೆಲ್ಲ ಹೋದಂತೆಯೇ. ಮೊಬೈಲ್‌ನಲ್ಲಿ ಈ ತೊಂದರೆ ಕಡಿಮೆ, ಆದರೆ ಬೇರೊಂದು ತೊಂದರೆಯಿದೆ. ವಾಟ್ಸ್‌ಆ್ಯಪ್‌ನಲ್ಲಿ ಫೋಟೋ ಎಂದು ಕಳುಹಿಸಿದ ಕೂಡಲೇ ಚಿತ್ರ ಕುಗ್ಗುತ್ತದೆ, ಅದರೊಳಗೆ ಅಡಗಿದ್ದ ದಿನಾಂಕ, ಸ್ಥಳದ ವಿವರ ಅಳಿಸಿಹೋಗುತ್ತದೆ. ನೀವು ನನಗೆ ಲಗತ್ತಾಗಿ ಕಳುಹಿಸಿದ್ದರಿಂದಲೇ ಏಪ್ರಿಲ್ 19 ಎಂದು ನನಗೆ ತಿಳಿದದ್ದು. ಎಲ್ಲಿಗೆ ಹಾಕುವುದಾದರೂ ಫೋನಿನಲ್ಲಿರುವ ಮೂಲ ಚಿತ್ರವನ್ನೇ ಹಾಕಿ, ಗುಂಪಿನಿಂದ ತಿರುಗಿ ಬಂದ ಪ್ರತಿಯನ್ನು ಹಾಕಬೇಡಿ.

ಎಲ್ಲಿ ಹಾಕಬೇಕು? ನೀವು ಸೇರಿರುವಂಥ ಗುಂಪುಗಳು ಸ್ನೇಹಕ್ಕೆ, ಹುರುಪಿಗೆ ಒಳ್ಳೆಯವು. ಬಿಡಬೇಡಿ. ಆದರೆ ಅಲ್ಲಿ ಹಾಕಿದ್ದು ವಾರದೊಳಗೆ ಕೆಳಗೆ ಸರಿದು ಕಾಣೆಯಾಗುತ್ತದೆ. ಹತ್ತು ವರ್ಷದ ಮೇಲೆ ಆಲ್ದೂರಿನ ಜೇಡವನ್ನು ಹುಡುಕುವವರಿಗೆ ಸಿಗಬೇಕಾದರೆ ಐನ್ಯಾಚುರಲಿಸ್ಟ್ ಅಥವಾ ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್‌ನಂಥ ಅಂತರ್ಜಾಲ ತಾಣದಲ್ಲಿ ಹಾಕಬೇಕು. ಮೊದಲನೆಯದು 2008ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ಯೋಜನೆಯಾಗಿ ಹುಟ್ಟಿದ್ದು, ಎರಡನೆಯದು ನಮ್ಮ ದೇಶದ ಜೀವಿಗಳಿಗಾಗಿಯೇ ಇರುವುದು. ಚಿಟ್ಟೆಗಳಿಗಾದರೆ ಬಟರ್‌ಫ್ಲೈಸ್ ಆಫ್ ಇಂಡಿಯಾ ಇದೆ. ಬೆಂಗಳೂರಿನ ರಾಷ್ಟ್ರೀಯ ಜೈವಿಕ ವಿಜ್ಞಾನ ಕೇಂದ್ರದ (ಎನ್‌ಸಿಬಿಎಸ್) ವಿಜ್ಞಾನಿ ಕೃಷ್ಣಮೇಘ ಕುಂಟೆ ಅವರ ಪ್ರಯೋಗಾಲಯದ ನೆರಳಿನಲ್ಲಿ ನಡೆಯುವ ಈ ತಾಣದಲ್ಲಿ ಬಲ್ಲವರು ಪರಿಶೀಲಿಸಿದ ಮೇಲೆಯೇ ಚಿತ್ರ ಪ್ರಕಟವಾಗುತ್ತದೆ. ಪತಂಗಗಳಿಗೆ, ಏರೋಪ್ಲೇನ್ ಚಿಟ್ಟೆಗಳಿಗೆ ಇದರ ಸೋದರ ತಾಣಗಳಿವೆ. ಎಲ್ಲ ಕಡೆಯೂ ಹಾಕಲು ಹೋಗಿ ಸೋಲಬೇಡಿ. ಒಂದನ್ನು ಹಿಡಿದು ವಾರಕ್ಕೆ ಐದಾರು ಚಿತ್ರ ಹಾಕುತ್ತ ಬಂದರೆ ಸಾಕು.

ಹೆಸರಿನ ವಿಷಯದಲ್ಲಿ ಎಚ್ಚರದಿಂದ ಓದಿ, ಹೊಸಬರು ತಿಳಿಯದೆ ಹೆಚ್ಚು ಹಾನಿ ಮಾಡುವುದು ಇಲ್ಲಿಯೇ. ಐನ್ಯಾಚುರಲಿಸ್ಟ್‌ನಲ್ಲಿ ಚಿತ್ರ ಹಾಕಿದ ಕೂಡಲೇ ಯಂತ್ರವೇ ಕೆಲವು ಹೆಸರುಗಳನ್ನು ಮುಂದಿಡುತ್ತದೆ. ಅದು ತಾನು ಹೆಚ್ಚು ಚಿತ್ರಗಳನ್ನು ಕಂಡು ಕಲಿತ ಜಾತಿಗಳ ಕಡೆಗೇ ವಾಲುತ್ತದೆ. ನಮ್ಮ ಘಟ್ಟದ ಸಣ್ಣ ಹುಳುಗಳ ಚಿತ್ರಗಳು ಕಡಿಮೆ ಇರುವುದರಿಂದ, ಎಲ್ಲೋ ದೂರದ ದೇಶದ ಹೆಸರು ಮೊದಲ ಸಾಲಿನಲ್ಲಿ ಬಂದು ಕೂರುವುದುಂಟು. ಅದನ್ನು ಒತ್ತಬೇಡಿ. "ಜೀರುಂಡೆ" ಎಂಬಷ್ಟೇ ಗೊತ್ತಿದ್ದರೆ ಜೀರುಂಡೆ ಎಂದು ಹಾಕಿ, "ನೆಗೆಜೇಡ" ಎಂದು ಗೊತ್ತಿದ್ದರೆ ಅಲ್ಲಿಗೆ ನಿಲ್ಲಿಸಿ. ಎರಡನೆಯದು ಇನ್ನೂ ಮುಖ್ಯ. ಯಾರೋ ಬಂದು ಒಂದು ಹೆಸರು ಬರೆದರೆ, ಅವರ ಮೇಲಿನ ಗೌರವದಿಂದ ನಾವು "ಒಪ್ಪುತ್ತೇನೆ" ಎಂದು ಒತ್ತಿಬಿಡುತ್ತೇವೆ. ಅಲ್ಲಿಯ ನಿಯಮ ಹೀಗಿದೆ: ಚಿತ್ರ, ದಿನಾಂಕ, ಸ್ಥಳ ಸರಿಯಾಗಿದ್ದು, ಜಾತಿಯ ಹೆಸರಿನ ಮೇಲೆ ಕನಿಷ್ಠ ಇಬ್ಬರು, ಒಟ್ಟಾರೆ ಮೂರರಲ್ಲಿ ಎರಡು ಪಾಲಿಗಿಂತ ಹೆಚ್ಚು ಮಂದಿ ಒಪ್ಪಿದರೆ ಆ ದಾಖಲೆ ಸಂಶೋಧನಾ ದರ್ಜೆಗೆ ಏರುತ್ತದೆ. ಅಲ್ಲಿಂದ ಪರವಾನಗಿ ಅನುಮತಿಸಿದರೆ ಜಿಬಿಐಎಫ್ ಎಂಬ ಜಾಗತಿಕ ಭಂಡಾರಕ್ಕೆ ಹೋಗುತ್ತದೆ, ಅಲ್ಲಿಂದ ವಿಜ್ಞಾನಿಗಳು ಎತ್ತಿಕೊಳ್ಳುತ್ತಾರೆ. ಆ ಇಬ್ಬರಲ್ಲಿ ಒಬ್ಬರು ನೀವೇ ಆಗಿಬಿಡಬಹುದು. ನಿಮಗೇ ಕಣ್ಣಿಗೆ ಕಾಣುವ ಗುರುತಿನಿಂದ ಮನವರಿಕೆಯಾದರೆ ಮಾತ್ರ ಒಪ್ಪಿ. ಇಲ್ಲವಾದರೆ "ಇದನ್ನು ಹೇಗೆ ಗುರುತಿಸಿದಿರಿ?" ಎಂದು ಕೇಳಿ. ಬಲ್ಲವರು ಈ ಪ್ರಶ್ನೆಗೆ ಸಂತೋಷದಿಂದ ಉತ್ತರಿಸುತ್ತಾರೆ. ನನಗೆ ಅರ್ಧ ಪಾಠ ಬಂದದ್ದೇ ಇಂಥ ಉತ್ತರಗಳಿಂದ. ಎಷ್ಟೋ ಪತಂಗ, ನೊಣಗಳ ಜಾತಿಯನ್ನು ಒಳಗಿನ ಅಂಗಗಳನ್ನು ಸೂಕ್ಷ್ಮದರ್ಶಕದಡಿ ನೋಡದೆ ಯಾರಿಂದಲೂ ಹೇಳಲಾಗುವುದಿಲ್ಲ. ನಿಮ್ಮ ಚಿತ್ರ ವರ್ಷಗಟ್ಟಲೆ ಕುಲದ ಹೆಸರಿನಲ್ಲೇ ನಿಂತರೆ ಬೇಸರಪಡಬೇಡಿ.

ಚಿತ್ರ ತೆಗೆಯುವ ಬಗ್ಗೆ ನೀವು ಕೇಳಿಲ್ಲವಾದರೂ ಒಂದೆರಡು ಮಾತು. ಹತ್ತಿರ ಹೋದಷ್ಟೂ ಸ್ಪಷ್ಟವಾಗಿ ಬರುವ ಆಳ ಒಂದೆರಡು ಮಿಲಿಮೀಟರಿಗೆ ಇಳಿಯುತ್ತದೆ. ಅದಕ್ಕೆ ಹುಳುವಿನ ಮೈಗೆ ಸಮನಾಗಿ ಫೋನ್ ಹಿಡಿಯಿರಿ. ಬೆರಳಿನಿಂದ ಫೋಕಸ್ ಒತ್ತುತ್ತ ಕೂರುವ ಬದಲು, ಮೊಣಕೈಯನ್ನು ಮಂಡಿಗೆ ಊರಿ ನೀವೇ ಕೂದಲೆಳೆಯಷ್ಟು ಹಿಂದೆ ಮುಂದೆ ಸರಿಯುತ್ತ ಹತ್ತು ಚಿತ್ರ ತೆಗೆದರೆ ಒಂದರಲ್ಲಿ ಕಣ್ಣು ಕೂರುತ್ತದೆ. ಬಿಸಿಲು ಬೀಳುವ ಮುಂಚೆ, ಇಬ್ಬನಿ ಇನ್ನೂ ಇರುವಾಗ ಹುಳುಗಳ ಮೈ ತಣ್ಣಗಿರುತ್ತದೆ, ಓಡುವುದಿಲ್ಲ. ಜೇನಿನಂತೆ ಕಂಡದ್ದು ಜೇನೋ ಹೂನೊಣವೋ ಎಂದು ತಿಳಿಯಲು ರೆಕ್ಕೆ ಎಣಿಸುವಂತೆ ಚಿತ್ರ ಬೇಕು. ಜೇನಿಗೆ ನಾಲ್ಕು, ನೊಣಕ್ಕೆ ಎರಡೇ. ಚಿಟ್ಟೆಗೆ ರೆಕ್ಕೆಯ ಮೇಲ್ಮೈ, ಒಳಮೈ ಎರಡೂ ಬೇಕು. ಕಂಬಳಿಹುಳುವಿಗೆ ಅದು ತಿನ್ನುತ್ತಿದ್ದ ಗಿಡದ ಎಲೆ, ಸಾಧ್ಯವಾದರೆ ಹೂವು ಬೇಕೇ ಬೇಕು.

ಕಂಬಳಿಹುಳುವಿನ ಮಾತು ಬಂದದ್ದರಿಂದ ನಿಮಗೊಂದು ಸಲಹೆ. ಚಂದದ ಚಿಟ್ಟೆಗಳ ಚಿತ್ರಗಳು ಸಾಕಷ್ಟು ಬರುತ್ತವೆ, ಮೊಟ್ಟೆಯಿಂದ ಕೋಶದವರೆಗಿನ ಹಂತಗಳ ಚಿತ್ರಗಳು ಅಷ್ಟು ಬರುವುದಿಲ್ಲ. ನಿಮ್ಮ ಹಿತ್ತಲಿನಲ್ಲಿ ನಿಂಬೆಯೋ ಕರಿಬೇವೋ ಇದ್ದೇ ಇರುತ್ತದೆ. ಅದರ ಎಳೆ ಎಲೆಯ ಮೇಲೆ ಹಕ್ಕಿಯ ಹಿಕ್ಕೆಯಂತೆ ಕಾಣುವ ಕಂದುಬಿಳಿ ಹುಳು ಕಂಡರೆ ಒರೆಸಿ ಹಾಕಬೇಡಿ. ಅದು ಲೈಮ್ ಚಿಟ್ಟೆಯದೋ ಕಾಮನ್ ಮಾರ್ಮನ್ ಚಿಟ್ಟೆಯದೋ ಮರಿ. ನಾಲ್ಕು ಸಲ ಪೊರೆ ಕಳಚಿ ಐದನೆಯ ಹಂತಕ್ಕೆ ಬಂದಾಗ ಅದೇ ಹುಳು ಎಲೆಯಷ್ಟೇ ಹಸಿರಾಗಿರುತ್ತದೆ. ಕಡ್ಡಿಯಿಂದ ಮೆಲ್ಲಗೆ ತಾಗಿಸಿದರೆ ತಲೆಯ ಹಿಂದಿನಿಂದ ಕವಲೊಡೆದ ಕೊಂಬೊಂದು ಹೊರಬಂದು ಘಾಟು ವಾಸನೆ ಬಿಡುತ್ತದೆ. ದಿನಕ್ಕೊಂದು ಚಿತ್ರದಂತೆ, ಗಿಡದ ಹೆಸರಿನೊಂದಿಗೆ, ಚಿಟ್ಟೆ ಹೊರಬರುವ ತನಕ ಹಾಕುತ್ತ ಹೋಗಿ. ನಿಮ್ಮ ಶಾಲೆಯ ಮಕ್ಕಳೇ ಇದನ್ನು ಮಾಡಬಲ್ಲರು. ತೋಟದ ಅಂಚಿನಲ್ಲಿ ಈಶ್ವರಿ ಬಳ್ಳಿ ಹಬ್ಬಿದ್ದರೆ ಅದನ್ನು ಕಳೆಯೆಂದು ಕೀಳಿಸಬೇಡಿ. ನಮ್ಮ ರಾಜ್ಯದ ಚಿಟ್ಟೆಯಾದ ಸದರ್ನ್ ಬರ್ಡ್‌ವಿಂಗ್ ಮೊಟ್ಟೆ ಇಡುವುದು ಆ ಬಳಗದ ಬಳ್ಳಿಗಳ ಮೇಲೆಯೇ. ಮೊಟ್ಟೆ ಇಡುತ್ತಿರುವ ಹೆಣ್ಣಿನ ಚಿತ್ರ, ರೆಕ್ಕೆ ಹರಡಿ ಕುಳಿತ ಹತ್ತು ಚಿತ್ರಗಳಿಗೆ ಸಮ.

ಒಂದು ವಿಷಯದಲ್ಲಿ ನಾನು ರಾಜಿಯಾಗಲಾರೆ. ಹುಳು ಅಲುಗದಿರಲಿ ಎಂದು ಫ್ರಿಜ್‌ನಲ್ಲಿಟ್ಟು ತೆಗೆಯುವವರಿದ್ದಾರೆ, ಗೋಂದು ಹಚ್ಚುವವರಿದ್ದಾರೆ, ಒಂದರ ಮೇಲೊಂದು ಕೂರಿಸಿ ಕಥೆ ಕಟ್ಟುವವರಿದ್ದಾರೆ. ಅಂಥ ಚಿತ್ರಗಳಿಗೇ ಹೆಚ್ಚು ಮೆಚ್ಚುಗೆ ಬೀಳುವುದನ್ನು ಕಂಡು ನಿಮ್ಮ ಮನಸ್ಸು ಅತ್ತ ಹೋಗದಿರಲಿ. ಅದು ಹುಳುವಿಗೆ ಹಿಂಸೆ, ನೋಡುವವರಿಗೆ ಸುಳ್ಳು. ಎಲೆ ತಿರುಗಿಸಿದರೆ ಮತ್ತೆ ಮೊದಲಿನಂತೆ ಇಡಿ. ಹುಳುವನ್ನು ಹಿಡಿದು ಬೇರೆ ಗಿಡದ ಮೇಲೆ ಬಿಟ್ಟು ತೆಗೆದಿದ್ದರೆ ಹಾಗೆಂದೇ ಬರೆಯಿರಿ, ಏಕೆಂದರೆ ಆ ಗಿಡವೇ ಅದರ ಆಹಾರವೆಂದು ಓದಿದವರು ತಿಳಿದುಕೊಳ್ಳುತ್ತಾರೆ.

ಜುಲೈ ಕೊನೆಯ ವಾರ ಜಗತ್ತಿನ ಹಲವು ಕಡೆ ಪತಂಗ ಸಪ್ತಾಹ ನಡೆಯುತ್ತದೆ. ನಮ್ಮಲ್ಲಿ ಅದು ಪುಷ್ಯ ಮಳೆಯ ಕಾಲ. ಹೊರಗೆ ಕಾಲಿಡಲಾಗದಿದ್ದರೂ ಜಗಲಿಯಲ್ಲಿ ಒಂದು ಬಿಳಿ ಪಂಚೆ ಕಟ್ಟಿ ಬಲ್ಬ್ ಹಾಕಿದರೆ ನೀವು ಎಂದೂ ಕಾಣದ ಪತಂಗಗಳು ಬಂದು ಕೂರುತ್ತವೆ. ಬೆಳದಿಂಗಳಿಗಿಂತ ಅಮಾವಾಸ್ಯೆಯ ಆಸುಪಾಸು ಒಳ್ಳೆಯದು. ಎರಡು ಗಂಟೆ ಸಾಕು, ಆಮೇಲೆ ದೀಪ ಆರಿಸಿ. ರಾತ್ರಿಯಿಡೀ ಉರಿದರೆ ಬೆಳಗ್ಗೆ ಪಂಚೆಯ ಮೇಲೆ ಉಳಿದವೆಲ್ಲ ಹಕ್ಕಿಗಳ ಪಾಲಾಗುತ್ತವೆ. ಇನ್ನು ಜನವರಿಯಿಂದ ಮೇವರೆಗೆ ಕಾಡಂಚಿನ ತರಗೆಲೆಯ ಮೇಲೆ ಮೊಣಕಾಲೂರಿ ಚಿತ್ರ ತೆಗೆಯುವಾಗ ಉಣುಗಿನ ಬಗ್ಗೆ ಬಹಳ ಎಚ್ಚರ. ಉಣುಗಿನಿಂದ ಹರಡುವ ಮಂಗನ ಕಾಯಿಲೆ ನಿಮ್ಮ ಜಿಲ್ಲೆಯ ಮಲೆನಾಡು ತಾಲ್ಲೂಕುಗಳಲ್ಲೂ ಇದೆ. ಮೈ ಮುಚ್ಚುವ ಬಟ್ಟೆ ಹಾಕಿ, ಮನೆಗೆ ಬಂದ ಕೂಡಲೇ ಬಿಸಿನೀರು ಸ್ನಾನ ಮಾಡಿ ಮೈಯೆಲ್ಲ ನೋಡಿಕೊಳ್ಳಿ. ಮೀಸಲು ಅರಣ್ಯದೊಳಗೆ, ಭದ್ರಾ ಹುಲಿ ಪ್ರದೇಶದೊಳಗೆ ಅನುಮತಿಯಿಲ್ಲದೆ ಹೋಗಲೇಬೇಡಿ. ಮೂರು ಎಕರೆ ತೋಟದಲ್ಲಿ ನಿಮಗೆ ಜೀವಮಾನಕ್ಕೆ ಆಗುವಷ್ಟು ಹುಳುಗಳಿವೆ.

ಜಾಗ ತಿಳಿಸುವ ಬಗ್ಗೆ ಮನೆಯಲ್ಲಿ ಆತಂಕ ಇದ್ದರೆ ಅದು ಸಹಜವಾದದ್ದೇ. ಐನ್ಯಾಚುರಲಿಸ್ಟ್‌ನಲ್ಲಿ ಸ್ಥಳವನ್ನು ಮಸುಕುಗೊಳಿಸುವ ಆಯ್ಕೆಯಿದೆ. ಅದನ್ನು ಆರಿಸಿದರೆ ನಿಮ್ಮ ಮನೆಯ ಬದಲು, ಸುಮಾರು 20 ಕಿಲೋಮೀಟರ್ ಅಗಲದ ಚೌಕದೊಳಗಿನ ಯಾವುದೋ ಒಂದು ಬಿಂದು ಹೊರಗಿನವರಿಗೆ ಕಾಣುತ್ತದೆ. ಮನೆಯಂಗಳದ ಚಿತ್ರಗಳಿಗೆಲ್ಲ ಹಾಗೆ ಮಾಡಿ. ದೊಡ್ಡ ಜೀರುಂಡೆಗಳು, ಅಪರೂಪದ ಚಿಟ್ಟೆಗಳನ್ನು ಹಿಡಿದು ಮಾರುವವರೂ ಇರುವುದರಿಂದ ಅಂಥವಕ್ಕೂ ಹಾಗೆಯೇ ಮಾಡಿ. ಮಾಮೂಲಿ ಹುಳುಗಳಿಗೆ, ರಸ್ತೆ ಬದಿಯಲ್ಲಿ ತೆಗೆದದ್ದಕ್ಕೆ ಸರಿಯಾದ ಸ್ಥಳವನ್ನೇ ಕೊಡಿ.

ಕದಿಯುವುದರ ಬಗ್ಗೆ: 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ನೀವಾಗಿ ತೆಗೆದ ಚಿತ್ರದ ಹಕ್ಕು ತೆಗೆದ ಕ್ಷಣದಿಂದಲೇ ನಿಮ್ಮದು, ಎಲ್ಲೂ ನೋಂದಾಯಿಸಬೇಕಿಲ್ಲ. ಐನ್ಯಾಚುರಲಿಸ್ಟ್‌ನಲ್ಲಿ ಕ್ರಿಯೇಟಿವ್ ಕಾಮನ್ಸ್ ಪರವಾನಗಿ ಆರಿಸಬಹುದು. ನಿಮ್ಮ ಹೆಸರು ಹಾಕಿ, ವ್ಯಾಪಾರಕ್ಕಲ್ಲದೆ ಬಳಸಬಹುದು ಎಂಬ ಪರವಾನಗಿ ನಿಮಗೆ ಸರಿಹೋಗುತ್ತದೆ, ದಾಖಲೆಯೂ ಜಾಗತಿಕ ಭಂಡಾರಕ್ಕೆ ತಲುಪುತ್ತದೆ. ಚಿತ್ರದ ನಡುವೆ ದೊಡ್ಡದಾಗಿ ಹೆಸರು ಬರೆಯುವುದು ಬೇಡ, ಎಷ್ಟೋ ಸಲ ಗುರುತಿಸಲು ಬೇಕಾದ ಭಾಗವೇ ಅದರಡಿ ಮುಚ್ಚಿಹೋಗುತ್ತದೆ.

ಕನ್ನಡದಲ್ಲಿ ಖಂಡಿತ ಬರೆಯಿರಿ. ವೈಜ್ಞಾನಿಕ ಹೆಸರಿನ ಜಾಗ ಬೇರೆ ಇದ್ದೇ ಇರುತ್ತದೆ, ಟಿಪ್ಪಣಿಯ ಜಾಗ ನಿಮ್ಮದು. "ಹಾಲುವಾಣದ ಮರದಡಿ", "ಮರಗಸಿ ಆದ ಮಾರನೆಯ ವಾರ", "ಹೂಮಳೆ ಬಿದ್ದ ಮೂರನೆಯ ದಿನ" ಎಂದು ನೀವು ಬರೆದರೆ ಅದರಲ್ಲಿ ನೆರಳು, ಬಿಸಿಲು, ತೇವ ಎಲ್ಲದರ ಮಾಹಿತಿಯಿದೆ. ಬೇರೆ ಭಾಷೆಯಲ್ಲಿ ಬರೆಯಲು ಹೋದರೆ ಅಷ್ಟು ನಿಖರವಾಗಿ ನಿಮಗೆ ಬರೆಯಲಾಗುವುದಿಲ್ಲ. ಹುಳುಗಳಿಗೆ ನಿಮ್ಮೂರಿನಲ್ಲಿ ಏನೆನ್ನುತ್ತಾರೆ ಎಂಬುದನ್ನೂ ಸೇರಿಸಿ. ಹಿರಿಯರನ್ನು, ತೋಟದ ಕೆಲಸಕ್ಕೆ ಬರುವವರನ್ನು ಕೇಳಿ. ಒಂದು ಹಳ್ಳ ದಾಟಿದರೆ ಹೆಸರು ಬದಲಾಗುತ್ತದೆ, ಆ ಹೆಸರುಗಳನ್ನು ಚಿತ್ರದೊಡನೆ ಜೋಡಿಸಿಟ್ಟವರು ಬಹಳ ಕಡಿಮೆ.

ಈ ವಾರವೇ ಮೂರೂ ಚಿತ್ರಗಳನ್ನು ಹಾಕಿ. ಜೇಡಕ್ಕೆ "ಚಗಳಿ ಗೂಡಿನಿಂದ ಇಷ್ಟು ದೂರ" ಎಂದು ಅಳತೆ ಸೇರಿಸಿ. ಕಾಂಡಕೊರಕದ ಗಿಡಕ್ಕೆ ಗುರುತು ಕಟ್ಟಿದ ಮೇಲೆ, ಬಿಸಿಲೇರಿದ ಹೊತ್ತಿನಲ್ಲಿ ಅದರ ಬುಡದಲ್ಲಿ ಅರ್ಧ ಗಂಟೆ ಕುಳಿತು ನೋಡಿ. ಇನ್ನೊಂದು ಜೀರುಂಡೆ ಬಂದರೆ ತಲೆ ಮತ್ತು ಬೆನ್ನು ಎರಡೂ ಕಾಣುವಂತೆ ಮೇಲಿನಿಂದ ಒಂದು ಚಿತ್ರ ತೆಗೆದು ನನಗೂ ಕಳುಹಿಸಿ.